ಮೊಳೆ ಕಿತ್ತ ಜಾಗ

ಸುದ್ದಿ ಬಂದ ದಿನ ಬೆಳಿಗ್ಗೆ ಅವಳು ಗೋಡೆಗೆ ನೀರು ಚಿಮುಕಿಸುತ್ತಿದ್ದಳು. ಹೊಸ ಗಾರೆ ಬೇಗ ಒಣಗಬಾರದು, ಬೆಳಿಗ್ಗೆ ಸಂಜೆ ನೀರು ಎರಚುತ್ತಿರಬೇಕು ಎಂದು ಗಾರೆ ಮೇಸ್ತ್ರಿ ಹೇಳಿ ಹೋಗಿದ್ದರು. ಹೋಗಿ ಹದಿನೇಳು ದಿನವಾಗಿತ್ತು. ಇನ್ನು ಮೂರು ದಿನಕ್ಕೆ ಬರಬೇಕಿತ್ತು.

ಮೇಸ್ತ್ರಿಯ ತಂಗಿ ಬಾಗಿಲಲ್ಲಿ ಬಂದು ನಿಂತಳು. ಸಮುದ್ರದ ಮೆಟ್ಟಿಲ ಬಳಿಯ ಹಳೆಯ ವಸತಿಗೃಹ ಅವಳದು. ದಿನವೂ ಹೊಸ್ತಿಲಾಚೆಯಿಂದಲೇ ಮಾತು ಶುರುಮಾಡಿಕೊಂಡು ಒಳಗೆ ಬರುವವಳು ಅಂದು ಒಳಗೆ ಬರಲಿಲ್ಲ. ಚೌಕಟ್ಟು ಹಿಡಿದುಕೊಂಡು ನಿಂತಲ್ಲಿಂದಲೇ ಹೇಳಿದಳು.

"ಅಕ್ಕಾ, ಅಣ್ಣ ಇನ್ನು ಬರಲ್ಲ."

ಒಂದು ಹಗಲಿನ ಪ್ರಯಾಣದಷ್ಟು ದೂರದ ಭೂಶಿರದಲ್ಲಿ ಹಳೆಯ ದೀಪಸ್ತಂಭಕ್ಕೆ ಗಾರೆ ಮಾಡಲು ಹೋಗಿದ್ದರು. ಹಿಂದಿನ ದಿನ ಮಧ್ಯಾಹ್ನ ಊಟ ಮಾಡಿ, ನೆರಳಿದ್ದ ಕಡೆ ಗೋಡೆಗೆ ಒರಗಿ ಕುಳಿತಿದ್ದರಂತೆ. ಜೊತೆಯ ಕೆಲಸಗಾರರು ಕರೆದಾಗ ಏಳಲಿಲ್ಲ. ತಂಗಿ ಇಷ್ಟನ್ನು ತಡೆತಡೆದು ಹೇಳಿದಳು. ಕೇಳಿಸಿಕೊಂಡವಳು "ಕೂತ್ಕೋ" ಎಂದಳು. ತಿರುಗಿ ಗೋಡೆಯತ್ತ ಹೋಗಿ, ಚೊಂಬಿನಲ್ಲಿ ಉಳಿದಿದ್ದ ನೀರು ಮುಗಿಯುವವರೆಗೆ ಚಿಮುಕಿಸಿದಳು. ನೀರು ಮುಗಿಯಿತು. ಆಗ ಕೈಗೆ ಏನು ಕೆಲಸ ಕೊಡುವುದೆಂದು ತಿಳಿಯಲಿಲ್ಲ.

ಮರುದಿನ ಅವರನ್ನು ಊರಿಗೆ ತಂದರು. ಓಣಿಯ ಜನವೆಲ್ಲ ನೆರೆದಿತ್ತು. ಯಾರ ಮನೆಯ ಗೋಡೆಯಲ್ಲಿ ಅವರ ಕೈಗುರುತಿರಲಿಲ್ಲ? ಬಂದವರೆಲ್ಲ ತಂಗಿಯ ಕೈ ಹಿಡಿದು ಸಮಾಧಾನ ಹೇಳಿದರು. ಇವಳು ಮಾತ್ರ ನೆರೆಹೊರೆಯವರ ಹಿಂದೆ, ಸಾಲಿನ ಕೊನೆಯಲ್ಲಿ ನಿಂತಿದ್ದಳು. ಮುಂದೆ ಹೋಗಿ ಅಳಲು ಯಾವ ಸಂಬಂಧ ಹೇಳಿಕೊಂಡು ಹೋಗುವುದು? ಮೇಸ್ತ್ರಿ ಕೇಳಿದ್ದ ಮಾತಿಗೆ ಅವಳಿನ್ನೂ ಉತ್ತರವನ್ನೇ ಕೊಟ್ಟಿರಲಿಲ್ಲ.

*

ಮೂರು ವರ್ಷದ ಹಿಂದೆ ಅವಳು ಈ ಊರಿಗೆ ಬಂದದ್ದು ಎಂಟು ದಿನಕ್ಕೆಂದು. ನಗರದ ಮುದ್ರಣಾಲಯದಲ್ಲಿ ಇಪ್ಪತ್ತೆಂಟು ವರ್ಷ ಪ್ರೂಫ್ ತಿದ್ದಿದವಳು. ತಾಯಿಯ ಆರೈಕೆಯಲ್ಲಿ ಮದುವೆಯ ವಯಸ್ಸು ಯಾವಾಗ ದಾಟಿತೆಂದು ಗೊತ್ತಾಗಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಬಾಡಿಗೆಯ ಕೋಣೆಯಲ್ಲಿ ಗಡಿಯಾರದ ಸದ್ದೇ ದೊಡ್ಡದಾಗಿ ಕೇಳತೊಡಗಿತು. ಯಾರೋ ಹೇಳಿದರು, ಹಳೆಯ ಬಂದರೊಂದಿದೆ, ನೋಡಲು ಚೆನ್ನಾಗಿದೆ, ಹೋಗಿ ಬನ್ನಿ ಎಂದು.

ನಿಜಕ್ಕೂ ಚೆನ್ನಾಗಿತ್ತು. ಹಡಗುಗಳು ಬರುವುದು ನಿಂತು ನೂರು ವರ್ಷವಾದರೂ ಸುಂಕದ ಕಟ್ಟೆಯ ಕಮಾನುಗಳು ಯಾರನ್ನೋ ಎದುರು ನೋಡುವಂತೆ ಸಮುದ್ರಕ್ಕೆ ಮುಖಮಾಡಿ ನಿಂತಿದ್ದವು. ಕಲ್ಲು ಹಾಸಿನ ಓಣಿಗಳು ಎಷ್ಟು ತಿರುಗಿದರೂ ಕೊನೆಗೆ ನೀರಿನ ಬಳಿಗೇ ತಂದು ಬಿಡುತ್ತಿದ್ದವು. ಗೋಡೆಗಳು ಮೊಳಕ್ಕಿಂತ ದಪ್ಪ. ಕಿಟಕಿಯ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತರೆ ಸಂಜೆ ಕಳೆದದ್ದು ತಿಳಿಯುತ್ತಿರಲಿಲ್ಲ.

ಎರಡನೆಯ ದಿನ ಬೆಳಿಗ್ಗೆ, ತಾನು ಇಳಿದುಕೊಂಡಿದ್ದ ವಸತಿಗೃಹದ ಹಿತ್ತಲಿನಿಂದ ಹೊಗೆ ಏಳುವುದು ಕಂಡಿತು. ಅವಳು ಬೆಂಕಿ ಎಂದು ಕೂಗುತ್ತ, ಸಿಕ್ಕಿದ ಬಕೆಟ್ಟಿನಲ್ಲಿ ನೀರು ಹಿಡಿದು ಓಡಿದಳು. ಅಲ್ಲೊಂದು ಗುಂಡಿಯಲ್ಲಿ ಬಿಳಿಯದೇನೋ ಕೊತಕೊತ ಕುದಿಯುತ್ತಿತ್ತು. ಪಕ್ಕದಲ್ಲಿ ಉದ್ದನೆಯ ಕೋಲು ಹಿಡಿದ ಒಬ್ಬರು, ರೆಪ್ಪೆಯ ಕೂದಲಿನವರೆಗೂ ಬೆಳ್ಳಗಾದವರು, ಕೈ ಅಡ್ಡ ಹಿಡಿದರು.

"ಮೇಡಂ, ನೀರು ಹಾಕಿದ್ದಕ್ಕೇ ಇದು ಹೀಗೆ ಕುದೀತಿರೋದು. ಇನ್ನೂ ಸುರಿದ್ರೆ ಆಮೇಲೆ ನನ್ನನ್ನ ಆರಿಸಬೇಕಾಗುತ್ತೆ."

ಸುಣ್ಣದ ಕಲ್ಲನ್ನು ನೀರಿನಲ್ಲಿ ಅರಳಿಸುವುದನ್ನು ಅವಳು ಎಂದೂ ಕಂಡವಳಲ್ಲ. ನಾಚಿಕೆಯಾಯಿತು. ನಾಚಿಕೆ ಮುಚ್ಚಿಕೊಳ್ಳಲು ಇದು ಎಷ್ಟು ಹೊತ್ತು ಹೀಗಿರುತ್ತೆ ಎಂದು ಕೇಳಿದಳು.

"ಕುದಿಯೋದು ಒಂದು ಗಂಟೆ. ಹದಕ್ಕೆ ಬರೋಕೆ ಮೂರು ವರ್ಷ."

"ಮೂರು ವರ್ಷ ಯಾರು ಕಾಯ್ತಾರೆ?"

"ಆತುರ ಇರೋರು ಸಿಮೆಂಟ್ ಹಾಕ್ಕೋತಾರೆ" ಎಂದು ಅವರು ಓರೆಗಣ್ಣಿನಲ್ಲಿ ನೋಡಿದರು. ಆ ಬಿಳಿಯ ರೆಪ್ಪೆಗಳ ನಡುವೆ ಕಣ್ಣು ಮಾತ್ರ ಕಪ್ಪಗೆ ನಗುತ್ತಿತ್ತು.

ಐದನೆಯ ದಿನ ಅವಳಿಗೆ ತಲೆನೋವು, ಹೊರಗೆ ಹೋಗಲಿಲ್ಲ. ಆರನೆಯ ದಿನ ಓಣಿಯ ತಿರುವಿನಲ್ಲಿ ಬ್ರೆಡ್ ಮಾರುವವಳು, ನಿನ್ನೆ ಯಾಕೆ ಕಾಣಲಿಲ್ಲ ಎಂದು ಕೇಳಿದಳು. ಅವಳು ಬ್ರೆಡ್ಡು ಹಿಡಿದು ನಿಂತಲ್ಲೇ ನಿಂತುಬಿಟ್ಟಳು. ನಗರದಲ್ಲಿ ತಾಯಿಯ ನಂತರ ಈ ಪ್ರಶ್ನೆ ಕೇಳಿದವರಿರಲಿಲ್ಲ. ಎಂಟನೆಯ ದಿನ ಬಸ್ಸು ಹೊರಟಿತು, ಅವಳು ಹೊರಡಲಿಲ್ಲ. ಪ್ರೂಫನ್ನು ಇಲ್ಲಿಗೇ ಕಳಿಸಿರೆಂದು ಮುದ್ರಣಾಲಯಕ್ಕೆ ಬರೆದಳು. ಎರಡು ತಿಂಗಳೊಳಗೆ, ಎರಡನೆಯ ಓಣಿಯಲ್ಲಿ ಪಾಳು ಬಿದ್ದಿದ್ದ ಒಂದು ಪುಟ್ಟ ಮನೆ ಕೊಂಡಳು. ಊರಿನವರು ಅವಳಿಗೆ 'ಎಂಟು ದಿನದಕ್ಕ' ಎಂದು ಹೆಸರಿಟ್ಟರು.

ಆದರೂ ನಗರದ ಕೋಣೆಯನ್ನು ಬಿಟ್ಟಿರಲಿಲ್ಲ. ಆ ಬೀಗದ ಕೈಯನ್ನು ಮುಂಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದಳು. ಯಾಕೆಂದು ಯಾರಾದರೂ ಕೇಳಿದರೆ, ಇರಲಿ ಎನ್ನುತ್ತಿದ್ದಳು.

ಹೊಸಬರು ಮಾಡುವ ತಪ್ಪನ್ನು ಅವಳೂ ಮಾಡಿದಳು. ನಗರದಿಂದ ಕೆಲಸದವರನ್ನು ಕರೆಸಿ ಹಳೆಯ ಗೋಡೆಗೆ ಸಿಮೆಂಟು ಮೆತ್ತಿಸಿ, ನೀಲಿ ಬಣ್ಣ ಹೊಡೆಸಿದಳು. ಮೊದಲ ಮಳೆಗಾಲ ಮುಗಿಯುವುದರೊಳಗೆ ಬಣ್ಣ ಗುಳ್ಳೆ ಗುಳ್ಳೆಯಾಗಿ ಎದ್ದು, ಒಳಗಿನಿಂದ ಉಪ್ಪು ಹೂವಿನಂತೆ ಒಡೆದು ಉದುರತೊಡಗಿತು. ಮೇಸ್ತ್ರಿ ಬಂದು ಗೋಡೆಯ ಮೇಲೆ ಅಂಗೈಯಿಟ್ಟರು, ಜ್ವರ ನೋಡುವಂತೆ.

"ಉಸಿರು ಕಟ್ಟಿದೆ ಪಾಪ. ಆತುರದೋರು ಸಿಮೆಂಟ್ ಹಾಕ್ಕೋತಾರೆ ಅಂದಿದ್ದೆ."

"ಇನ್ನೂ ನೆನಪಿಟ್ಕೊಂಡಿದ್ದೀರಾ?"

"ಬಕೆಟ್ ಹಿಡ್ಕೊಂಡು ಓಡಿ ಬಂದೋರನ್ನ ಮರೆಯೋದು ಹೇಗೆ?"

ಸಿಮೆಂಟು ಕೆರೆದು ತೆಗೆಯಲು ಒಂದು ತಿಂಗಳಾಯಿತು. ಆಮೇಲೆ ಗೋಡೆಯನ್ನು ಬೆತ್ತಲೆ ಬಿಡಬೇಕೆಂದರು. ಹೀರಿಕೊಂಡ ಉಪ್ಪನ್ನೆಲ್ಲ ಅದು ತಾನಾಗಿ ಹೊರಹಾಕಬೇಕು, ವರ್ಷ ಹಿಡಿಯಬಹುದು, ಎರಡೂ ಹಿಡಿಯಬಹುದು. ಅಲ್ಲಿಂದ ವಾರಕ್ಕೊಮ್ಮೆ ಬಂದು ಅಂಗೈಯಿಟ್ಟು ನೋಡಿ, ಇನ್ನೂ ಉಪ್ಪಿದೆ ಎನ್ನುವರು. ಅವಳು ಚಹಾ ತಂದಿಡುವಳು. ಕ್ರಮೇಣ ವಾರಕ್ಕೆ ಎರಡು ಸಲವಾಯಿತು, ಮೂರಾಯಿತು. ಈ ಊರಿನಲ್ಲಿ ಇಷ್ಟು ಚೆನ್ನಾಗಿ ಪರೀಕ್ಷೆಯಾದ ಗೋಡೆ ಇನ್ನೊಂದಿಲ್ಲ ಎಂದು ತಂಗಿ ಕುಟುಕುತ್ತಿದ್ದಳು. ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾದ ಅಣ್ಣ ಅಂಗಿಗೆ ಇಸ್ತ್ರಿ ಹಾಕಲು ಶುರುಮಾಡಿದ್ದು ತಂಗಿಯ ಕಣ್ಣಿಗೆ ಬೀಳದೆ ಇರಲಿಲ್ಲ.

ಅವರು ಕಿಟಕಿ ಕಟ್ಟೆಯ ಮೇಲೆ ಕೂತು ಲೋಟ ಹಿಡಿದಿರುವರು. ಇವಳು ತಪ್ಪು ಹುಡುಕುತ್ತ ಪ್ರೂಫನ್ನು ಗಟ್ಟಿಯಾಗಿ ಓದುವಳು. ಒಮ್ಮೆ ತಲೆಯೆತ್ತಿದಾಗ ಅವರು ಸಮುದ್ರ ನೋಡುತ್ತಿರಲಿಲ್ಲ. ಇವಳು ಸಾಲು ತಪ್ಪಿ ಓದಿದಳು. ತಪ್ಪಿತು ಎಂದು ಅವರೇ ಮೆಲ್ಲಗೆ ಹೇಳಿದರು.

ಮೂರನೆಯ ವರ್ಷ ಗೋಡೆ ಉಪ್ಪು ಬಿಟ್ಟಿತು. ಇದ್ದ ಹಳೆಯ ಸುಣ್ಣದಲ್ಲಿ ಅವರು ಗಾರೆ ಮಾಡಿದರು. ಮನೆಯೆಲ್ಲ ಮುಗಿದರೂ ಬಾಗಿಲ ಪಕ್ಕ, ಬೀಗದ ಕೈ ತೂಗುತ್ತಿದ್ದ ಮೊಳೆಯ ಸುತ್ತ ಅಂಗೈಯಗಲ ಹಾಗೇ ಬಿಟ್ಟರು. ಅವಳು ಅದೇಕೆಂದು ಕೇಳಿದಳು.

"ಕಬ್ಬಿಣ ಇದ್ದ ಕಡೆ ಗಾರೆ ನಿಲ್ಲಲ್ಲ, ತುಕ್ಕು ಬಿಡುತ್ತೆ." ಗಾರೆ ಹಚ್ಚುವ ಕರಣೆ ತೊಳೆಯುತ್ತ, ಮುಖ ತಿರುಗಿಸದೆ ಹೇಳಿದರು. "ಮೊಳೆ ನಾನು ಕೀಳೋ ಹಾಗಿಲ್ಲ. ಅದು ನಿಮ್ಮ ಬೀಗದ ಕೈ. ನೀವು ಕಿತ್ರೆ, ಹದಕ್ಕೆ ಬಂದಿರೋ ಒಂದು ಗುಂಡಿ ಸುಣ್ಣ ಇದೆ ನನ್ನ ಹತ್ರ. ಅದನ್ನ ತೆಗೀತೀನಿ. ಉಳಿದ ದಿನ ಒಂದೇ ಸೂರಿನಡಿ ಕಳೆಯೋಣ ಅಂತ ನನಗಿದೆ. ನಿಮಗೆ?"

ಐವತ್ತೆರಡು ವರ್ಷ ಯಾರೂ ಕೇಳದಿದ್ದ ಮಾತು. "ದೀಪಸ್ತಂಭದ ಕೆಲಸ ಮುಗಿಸಿ ಬನ್ನಿ. ಬಂದ ಮೇಲೆ ಹೇಳ್ತೀನಿ" ಎಂದಳು.

ಅವರು ದೀಪಸ್ತಂಭಕ್ಕೆ ಹೋದ ಹತ್ತನೆಯ ದಿನ ಅವಳು ನಗರದ ಕೋಣೆ ಬಿಟ್ಟೆನೆಂದು ಬರೆದು, ಬೀಗದ ಕೈಯನ್ನು ಅಂಚೆಗೆ ಹಾಕಿ ಬಂದಳು. ಅವರದೇ ಇಕ್ಕಳದಲ್ಲಿ ಮೊಳೆ ಕಿತ್ತಳು. ಫೋನಿನಲ್ಲಿ ಹೇಳುವ ಮಾತಲ್ಲ. ಬಂದು ಒಳಗೆ ಕಾಲಿಟ್ಟಾಗ ಗೋಡೆಯೇ ಹೇಳಲಿ ಎಂದುಕೊಂಡಳು. ಅಷ್ಟೇ ಅವಳು ಮಾಡಿದ್ದು. ಫೋನಿನಲ್ಲೇ ಹೇಳಿಬಿಡದಿದ್ದಕ್ಕಾಗಿ ಈಗ ತನ್ನನ್ನು ತಾನು ಕ್ಷಮಿಸಲಾರದೆ ಹೋದಳು.

*

ಅವರು ತೀರಿಕೊಂಡು ಒಂದು ತಿಂಗಳಾಗಿತ್ತು. ಊರು ಹಾಗೇ ಇತ್ತು. ಕಮಾನುಗಳಿದ್ದವು, ಅಲೆಯಿತ್ತು, ಬ್ರೆಡ್ಡಿನವಳು ವಿಚಾರಿಸುತ್ತಿದ್ದಳು. ಆದರೆ ಸಂಜೆ ಎರಡು ಲೋಟ ತೊಳೆದಿಟ್ಟು ಒಂದನ್ನು ಮಗುಚಿ ಹಾಕುವುದು ಅವಳಿಂದಾಗಲಿಲ್ಲ. ಕೋಣೆ ಇನ್ನೂ ಖಾಲಿಯಿದೆ, ಬೇಕಾದರೆ ಬನ್ನಿ ಎಂದು ನಗರದ ಮನೆಯೊಡೆಯರ ಕಾಗದ ಬಂತು. ಉತ್ತರ ತಿಳಿಯದೆ ಹೋದ ಮನುಷ್ಯನ ಊರಿನಲ್ಲಿ ಏನೆಂದು ಇರಲಿ? ಅಟ್ಟದಿಂದ ಎಂಟು ದಿನದ ಬ್ಯಾಗನ್ನೇ ಇಳಿಸಿ ಬಟ್ಟೆ ಜೋಡಿಸಿದಳು.

ತಂಗಿ ಬಂದವಳು ಬ್ಯಾಗು ನೋಡಿ, ಅದರ ಪಕ್ಕದಲ್ಲೇ ನೆಲದ ಮೇಲೆ ಕುಳಿತಳು.

"ಒಂದು ಮಾತು ನುಂಗ್ಕೊಂಡಿದ್ದೆ. ಹೇಳಿದ್ರೆ ನಿಮಗೆ ಇನ್ನೂ ನೋವಾಗುತ್ತೆ ಅಂತ. ತೀರ್ಕೊಳ್ಳೋ ಹಿಂದಿನ ಸಂಜೆ ಅಣ್ಣ ಫೋನ್ ಮಾಡಿದ್ದ, ಬಾಗಿಲ ಪಕ್ಕದ ಮೊಳೆ ಹಾಗೇ ಇದೆಯಾ ಅಂತ ಕೇಳೋಕೆ. ಇಲ್ಲಿಗೆ ಬಂದಿದ್ದೆನಲ್ಲ ಅವತ್ತು, ನೋಡಿದ್ದೆ. ಮೊಳೆ ಇಲ್ಲ ಅಂದೆ. ಬೀಗದ ಕೈ ಎಲ್ಲಿದೆ ಅಂದ. ಅದೂ ಇಲ್ಲ ಅಂದೆ. ನಗ್ತಾನೆ ಅಂದ್ಕೊಂಡೆ, ಅಳ್ತಿದ್ದ."

ಅವಳ ಕೈಯಲ್ಲಿದ್ದ ಸೀರೆ ಹಾಗೇ ನಿಂತಿತು.

"ಏನಂದ್ರು?"

"ನಾನು ಬರೋವರೆಗೂ ನಿನಗೆ ಗೊತ್ತಿರೋದು ತೋರಿಸ್ಕೋಬೇಡ ಅಂದ. ಇನ್ನು ಅವರನ್ನ ಅಕ್ಕ ಅನ್ನೋದು ಬಿಟ್ಟು ಅತ್ತಿಗೆ ಅನ್ನೋದು ರೂಢಿ ಮಾಡ್ಕೋ ಅಂದ." ತಂಗಿ ಕಣ್ಣೊರೆಸಿಕೊಂಡು ಅವಳ ಕೈಯಿಂದ ಸೀರೆ ತೆಗೆದುಕೊಂಡಳು. "ಬನ್ನಿ ಅತ್ತಿಗೆ. ಸುಣ್ಣದ ಗುಂಡಿ ತೆಗೆಯೋಣ."

ಆಗ ಅವಳು ಅತ್ತಳು. ಒಂದು ತಿಂಗಳಿಂದ ಸಾಲಿನ ಕೊನೆಯಲ್ಲಿ ನಿಂತಿದ್ದ ಅಳು ಅದು. ತಂಗಿ ತಡೆಯಲಿಲ್ಲ.

ವಸತಿಗೃಹದ ಹಿತ್ತಲಿನಲ್ಲಿ ನಾಲ್ಕು ಗುಂಡಿಗಳಿದ್ದವು, ಮೇಲೆ ಕಲ್ಲಿನ ಮುಚ್ಚಳ. ಸುಣ್ಣ ಅರಳಿಸಿದ ದಿನವನ್ನು ಮೊಳೆಯಲ್ಲಿ ಮುಚ್ಚಳದ ಮೇಲೆ ಗೀರುವುದು ಮೇಸ್ತ್ರಿಯ ಪದ್ಧತಿ. ತಂಗಿ ತೋರಿಸಿದ ಮುಚ್ಚಳದ ಮೇಲೆ ಮೂರು ವರ್ಷದ ಹಿಂದಿನ ಒಂದು ದಿನವಿತ್ತು. ಅವಳು ಬಕೆಟ್ಟು ಹಿಡಿದು ಓಡಿ ಬಂದ ದಿನ. ಯಾರು ಎಷ್ಟು ಕೇಳಿದರೂ ಆ ಗುಂಡಿಗೆ ಅವರು ಕೈ ಹಾಕಿರಲಿಲ್ಲ ಎಂದು ತಂಗಿ ಹೇಳಿದಳು.

ಇಬ್ಬರೂ ಸೇರಿ ಕಲ್ಲು ಸರಿಸಿದರು. ಮೇಲೆ ತಿಳಿನೀರು, ಕೆಳಗೆ ಬೆಣ್ಣೆಯಂಥ ಸುಣ್ಣ. ಅಂದಿನ ಕುದಿತವೆಲ್ಲ ಇಳಿದು ಸದ್ದಿಲ್ಲದೆ ಮಲಗಿತ್ತು.

ಮನೆಗೆ ತಂದು ಮರಳು ಬೆರೆಸಿ, ಅವರು ಮಾಡುತ್ತಿದ್ದುದನ್ನು ನೆನೆದುಕೊಂಡು ಕಲಸಿದಳು. ಮೊಳೆ ಕಿತ್ತ ಜಾಗವನ್ನು ನೀರಿನಿಂದ ಒದ್ದೆ ಮಾಡಿ, ಅವರ ಕರಣೆಯಲ್ಲಿ ಅಂಗೈಯಗಲದ ಗಾರೆ ಹಚ್ಚಿದಳು. ನುಣುಪಾಗಲಿಲ್ಲ. ಪಕ್ಕದ ಅವರ ಕೆಲಸದ ಜೊತೆ ಇದು ಎದ್ದು ಕಾಣುತ್ತಿತ್ತು. ಕಾಣಲಿ ಎಂದು ಬಿಟ್ಟಳು. ಬ್ಯಾಗು ಖಾಲಿಮಾಡಿ ಅಟ್ಟಕ್ಕೆ ಹಾಕಿದಳು.

ಸಂಜೆ ಎರಡು ಲೋಟ ಇಟ್ಟು, ಚೊಂಬಿನಿಂದ ನೀರು ಚಿಮುಕಿಸಿ, ಒದ್ದೆ ಗೋಡೆಯ ಮೇಲೆ ಅಂಗೈಯಿಟ್ಟು ಅವಳು ಕಣ್ಣು ಮುಚ್ಚಿದಳು.

ಭಗವಂತಾ, ಗೋಡೆಗಳ ಉಸಿರು ಕೇಳಿಸಿಕೊಳ್ಳುತ್ತಿದ್ದ ಜೀವ ನಿನ್ನ ಬಳಿಗೆ ಬಂದಿದೆ. ಎಂದೂ ಆತುರಪಡದ ಮನುಷ್ಯ. ಇದೊಂದು ಸಲ ಬೇಗ ಬಂದದ್ದನ್ನು ಕ್ಷಮಿಸು. ಬಿಸಿಲಿನಲ್ಲಿ ದಣಿದ ಆ ಬೆನ್ನಿಗೆ ಒರಗಿಕೊಳ್ಳಲು ತಂಪಾದ ಒಂದು ಜಾಗ ಕೊಡು. ನಾನು ಇಲ್ಲೇ ಇರುತ್ತೇನೆ ಎಂದು ಅವರಿಗೆ ತಿಳಿಸು. ಆ ಆತ್ಮಕ್ಕೆ ಶಾಂತಿ ಕೊಡು.