ಮೆತ್ತಗಿನ ಬಲಗಾಲು

ಈ ಭೂಮಿಯ ಮೇಲೆ ನನ್ನಷ್ಟು ದೂರ ಕಾರು ಓಡಿಸಿದವನು ಮತ್ತೊಬ್ಬನಿಲ್ಲ. ಚಂದ್ರಲೋಕಕ್ಕೆ ಹೋಗಿ ಬಂದು, ಅಲ್ಲಿ ಮರೆತ ಛತ್ರಿ ತರಲು ಇನ್ನೊಮ್ಮೆ ಹೋದಷ್ಟು ದೂರ. ಆದರೆ ಇದ್ದ ಜಾಗದಿಂದ ಒಂದು ಗೇಣೂ ಮುಂದೆ ಹೋಗಿಲ್ಲ. ನನ್ನ ಕೆಲಸವೇ ಅಂಥದ್ದು. ಪರೀಕ್ಷಾ ಕೋಣೆಯಲ್ಲಿ ಕಾರಿನ ಚಕ್ರಗಳು ದೊಡ್ಡ ಉರುಳೆಗಳ ಮೇಲೆ ತಿರುಗುತ್ತವೆ. ಎದುರಿನ ಪರದೆಯಲ್ಲಿ ಏರಿಳಿಯುವ ಗೆರೆಗೆ ತಕ್ಕಂತೆ ನಾನು ವೇಗ ಹೆಚ್ಚಿಸುತ್ತೇನೆ, ಇಳಿಸುತ್ತೇನೆ. ಹಿಂದುಗಡೆ ಹೊಗೆಯನ್ನು ಚೀಲಗಳಲ್ಲಿ ಹಿಡಿದು ಅಳೆಯುತ್ತಾರೆ.

ನಾವೆಲ್ಲ ಪುಡಿ ಮೇಡಂ ಎಂದು ಕರೆಯುವ ಸಂಶೋಧಕಿ ಅಲ್ಲಿಗೆ ಮೊದಲ ಸಲ ಬಂದಾಗ ಕೈಯಲ್ಲಿ ಕಾರಿನ ಹೊಗೆ ಕೊಳವೆಯೊಳಗೆ ಕೂರಿಸುವ, ಜೇನುಗೂಡಿನಂಥ ಪಿಂಗಾಣಿ ತುಂಡು, ಮುಂಗುರುಳಲ್ಲಿ ಕಂದು ಪುಡಿ. ದುಬಾರಿ ಪ್ಲಾಟಿನಂ ಬದಲು ತಾಮ್ರ, ಮ್ಯಾಂಗನೀಸ್ ಬೆರೆಸಿದ ಪುಡಿಯನ್ನು ಆ ತೂತುಗಳ ಒಳಗೋಡೆಗೆ ಬಳಿದರೂ ಹೊಗೆಯ ವಿಷ ಇಳಿಯುತ್ತದೆ ಎಂದು ತೋರಿಸುವುದು ಅವಳ ಹಟ.

ನಾನು ಸುಮ್ಮನಿರುವ ಜಾತಿಯಲ್ಲ. ಬಲಗಾಲಿನ ಕೆಳಗೆ ಹಸಿ ಮೊಟ್ಟೆ ಇಟ್ಟುಕೊಂಡೇ ಕಾರು ಓಡಿಸಬಲ್ಲೆ ಎಂದೆ. ಅವಳು ನನ್ನ ಮುಖ ನೋಡಲಿಲ್ಲ, ಬೂಟು ನೋಡಿದಳು. ತುಟಿಯ ಒಂದು ಮೂಲೆ ಮಾತ್ರ ಅಲ್ಲಾಡಿತು. ನನ್ನೆದೆ ಬಡಿದ ರಭಸಕ್ಕೆ ಪಕ್ಕದ ಕಟ್ಟಡದ ಕಿಟಕಿ ಗಾಜುಗಳು ಉದುರಿದವು. ಅನುಮಾನವಿದ್ದರೆ ಹೋಗಿ ವಿಚಾರಿಸಿ.

ಪರೀಕ್ಷೆಯಲ್ಲಿ ಆ ಪುಡಿ ಸೋತರೆ ಕೆಲಸವನ್ನೇ ನಿಲ್ಲಿಸಿ, ಅವಳನ್ನು ದೂರದ ಶಾಖೆಗೆ ಕಳಿಸುತ್ತಾರೆಂಬ ಸುದ್ದಿ ಕ್ಯಾಂಟೀನಿನಲ್ಲಿ ಕಿವಿಗೆ ಬಿತ್ತು.

ಪರೀಕ್ಷೆಯ ದಿನ ನಾನು ಓಡಿಸಿದ ಚೆಂದವನ್ನು ಏನೆಂದು ಹೇಳಲಿ! ಗೆರೆಯಿಂದ ಕೊಂಚ ಆಚೀಚೆ ಹೋಗಲು ನಿಯಮದಲ್ಲಿ ಅವಕಾಶವಿದೆ. ಅಷ್ಟನ್ನೂ ಬಳಸಿ, ಮಲಗಿದ ಕೂಸನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಪೆಡಲ್ ಒತ್ತಿದೆ. ಎಂಜಿನ್ ಹೊಗೆ ಉಗುಳುವುದನ್ನೇ ಮರೆಯಿತು. ಫಲಿತಾಂಶ ನೋಡಿ ಎಲ್ಲರೂ ಚಪ್ಪಾಳೆ ತಟ್ಟಿದರು.

ಅವಳು ತಟ್ಟಲಿಲ್ಲ. ನಾನು ಓಡಿಸಿದ ಗೆರೆಯನ್ನು ಮತ್ತೆ ಪರದೆಗೆ ತರಿಸಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

“ಇದು ನನ್ನ ಪುಡಿ ಗೆದ್ದಿದ್ದಲ್ಲ. ನಿಮ್ಮ ಕಾಲು ಗೆದ್ದಿದ್ದು.”

“ಕಾಲೂ ನಿಮ್ಮ ಕಡೆಯದೇ ಅಂದ್ಕೊಳ್ಳಿ.”

“ರಸ್ತೇಲಿ ಯಾರು ಹೀಗೆ ಓಡಿಸ್ತಾರೆ? ಇನ್ನೊಂದ್ಸಲ ಓಡಿಸಿ. ನಿಯಮ ಎಷ್ಟು ಬಿಡುತ್ತೋ ಅಷ್ಟೂ ಕೆಟ್ಟದಾಗಿ.”

“ಸೋತ್ರೆ?”

“ಸೋತ್ರೆ ಸೋಲ್ಲಿ. ಸುಳ್ಳು ಗೆಲುವು ನಂಗೆ ಬೇಡ.”

ಮೇಲಧಿಕಾರಿ ಬೇಡವೆಂದರೂ ಕೇಳದೆ, ಗೆದ್ದ ಫಲಿತಾಂಶವನ್ನು ತಾನೇ ರದ್ದು ಮಾಡಿಸಿದಳು. ಅಂಥ ಗಟ್ಟಿಗಿತ್ತಿಯನ್ನು ನಾನು ಕಂಡಿರಲಿಲ್ಲ.

ಈಗ ನನಗೆ ಸಂಕಟ. ಕೆಟ್ಟದಾಗಿ ಓಡಿಸುವುದು ನನ್ನ ರಕ್ತದಲ್ಲೇ ಇಲ್ಲ. ಕೊನೆಗೆ ಅಕ್ಕನ ಮೊರೆ ಹೋದೆ. ಬ್ರೇಕಿನ ಮೇಲೂ ಆಕ್ಸಿಲರೇಟರಿನ ಮೇಲೂ ಅವಳಿಗೆ ಜನ್ಮಾಂತರದ ಸೇಡು; ಭಾವ ಕಾರಿನೊಳಗೂ ಹೆಲ್ಮೆಟ್ ಹಾಕಿಕೊಂಡೇ ಕೂರುತ್ತಾರೆ. ವಾರವಿಡೀ ಅವಳ ಪಕ್ಕ ಜೀವ ಕೈಯಲ್ಲಿ ಹಿಡಿದು ಕೂತು, ಆ ಕಾಲಿನ ಒಂದೊಂದು ಒದೆತವನ್ನೂ ಕಲಿತೆ.

“ಅಕ್ಕನ ಡ್ರೈವಿಂಗಿಗೆ ಬೈತಿದ್ದೋನು ಈಗ ಪಾಠ ಹೇಳಿಸ್ಕೊಳ್ತಿದ್ದೀಯಲ್ಲೋ,” ಎಂದಳು ಅಕ್ಕ. “ಹುಡುಗಿ ಯಾರು, ಮೊದ್ಲು ಅದು ಹೇಳು.”

ಎರಡನೆಯ ಪರೀಕ್ಷೆಯಲ್ಲಿ ಅಕ್ಕನೇ ನನ್ನ ಮೈಮೇಲೆ ಬಂದಳು. ಒದ್ದೆ, ಬಿಟ್ಟೆ, ಮತ್ತೆ ಒದ್ದೆ. ಕಾರು ಹುಚ್ಚು ಕುದುರೆಯಂತೆ ನಡುಗಿತು. ಗಾಜಿನಾಚೆ ಪುಡಿ ಮೇಡಂ ಕೈಕಟ್ಟಿ, ಕಣ್ಣು ಮಿಟುಕಿಸದೆ ನಿಂತಿದ್ದಳು. ಒಂದೇ ಒಂದು ಸಲ ಕಾಲನ್ನು ಮೆತ್ತಗೆ ಮಾಡೋಣವೆನಿಸಿತು. ಮಾಡಲಿಲ್ಲ. ಅವಳ ಹಟ ನನಗೂ ಅಂಟಿತ್ತು.

ಫಲಿತಾಂಶ ಮಿತಿಯೊಳಗೆ ಬಂತು. ಕೂದಲೆಳೆಯಷ್ಟು ಒಳಗೆ, ಆದರೂ ಒಳಗೇ.

ಅವಳು ಬಂದು ಕಾರಿನ ಬಾಗಿಲು ತೆರೆದು ಬಗ್ಗಿದಳು. ಮುಂಗುರುಳಿನ ಕಂದು ಪುಡಿ ನನ್ನ ತೋಳಿನ ಮೇಲೆ ಉದುರಿತು.

“ಮೊದಲ್ನೇ ಸಲ ಯಾಕೆ ಹಾಗೆ ಓಡಿಸಿದ್ರಿ?”

ನೂರು ಬಡಾಯಿಗಳು ನಾಲಗೆಯ ತುದಿಗೆ ಬಂದು ಸಾಲಾಗಿ ನಿಂತವು. ಎಲ್ಲವನ್ನೂ ವಾಪಸು ಕಳಿಸಿದೆ.

“ನೀವು ಹೊರಟುಹೋಗ್ತೀರ ಅಂತ ಭಯ ಆಯ್ತು.”

ಅವಳ ಕಿವಿಗಳು ಕೆಂಪಾದವು. ಈ ಸಲ ತುಟಿಯ ಎರಡೂ ಮೂಲೆಗಳು ಅಲ್ಲಾಡಿದವು.

“ಇನ್ನೆಲ್ಲಿಗೂ ಹೋಗಲ್ಲ. ಈಗ ಮನೆಗೆ ಹೋಗ್ಬೇಕು, ಅಷ್ಟೇ. ನೀವೇ ಬಿಡಿ. ಆದ್ರೆ ಇವತ್ತಿನ ಹಾಗಲ್ಲ, ಮೊದಲ್ನೇ ಸಲದ ಹಾಗೆ.”

ಆ ಸಂಜೆ ನನ್ನ ಹಳೆಯ ಕಾರನ್ನು ಬಸವನಹುಳುಗಳು ಒಂದೊಂದಾಗಿ ಹಿಂದೆ ಹಾಕಿ, ತಿರುಗಿ ನೋಡಿ ನಕ್ಕವು.

“ಇನ್ನೂ ನಿಧಾನ,” ಎಂದಳು ಅವಳು.