ಮುಂದಿನ ಎರಡು ಹಲ್ಲುಗಳ ನಡುವೆ

ಆ ಮಂಗಳವಾರ ಬೆಳಿಗ್ಗೆ ಹಲ್ಲು ತಯಾರಿಸುವ ಲ್ಯಾಬಿಗೆ ಬಂದ ಏಳು ಡಬ್ಬಿಗಳಲ್ಲಿ ಆರನ್ನು ನೆರ್ಮಿನ್ ಎಂದಿನಂತೆ ಬಿಚ್ಚಿ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಏಳನೆಯದನ್ನು ಬಿಚ್ಚಿದವಳು ಅದನ್ನು ಸಾಲಿಗೆ ಸೇರಿಸದೆ ದೀಪದ ಕೆಳಗೆ ಹಿಡಿದಳು.

ಒಳಗಿದ್ದದ್ದು ಒಬ್ಬ ಗಂಡಸಿನ ಮೇಲ್ದವಡೆಯ ಪ್ಲಾಸ್ಟರ್ ಅಚ್ಚು. ಹೆಸರಿರಲಿಲ್ಲ. ಡಾಕ್ಟರ್ ಗುಲ್ಬಿನ್ ಅವರ ಕ್ಲಿನಿಕ್ಕಿನ ಚೀಟಿಯಲ್ಲಿ ಒಂದು ನಂಬರು, ವಯಸ್ಸು ನಲವತ್ತೊಂಬತ್ತು, ಕೆಳಗೆ ಎರಡೇ ಸಾಲು: ಮುಂದಿನ ಆರು ಹಲ್ಲುಗಳಿಗೆ ಪಿಂಗಾಣಿಯ ತೆಳು ಹೊದಿಕೆ, ವೆನೀರ್. ನಡುವಿನ ಸಂದು ಮುಚ್ಚಬೇಕು.

ಹೆಸರು ಬೇಕಾಗಿಯೂ ಇರಲಿಲ್ಲ. ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಅಕ್ಕಿಕಾಳು ನಿಲ್ಲುವಷ್ಟು ಸಂದು. ಎಡ ಮುಂಬಲ್ಲಿನ ಅಂಚಿನಲ್ಲೊಂದು ಸಣ್ಣ ಕಚ್ಚು. ವರ್ಷಗಟ್ಟಲೆ ಸೂರ್ಯಕಾಂತಿ ಬೀಜವನ್ನು ಅದೇ ಜಾಗದಲ್ಲಿಟ್ಟು ಸೀಳಿದವರಿಗೆ ಮಾತ್ರ ಬೀಳುವ ಕಚ್ಚು. ಬಲಗಡೆಯ ಕೋರೆಹಲ್ಲು ಪಕ್ಕದವನನ್ನು ಓರೆಗಣ್ಣಿನಿಂದ ನೋಡುವಂತೆ ಕೊಂಚ ತಿರುಗಿ ನಿಂತಿತ್ತು.

ಈ ಬಾಯಿಯನ್ನು ಅವಳ ಬೆರಳುಗಳು ಬಲ್ಲವು.

"ಏನಕ್ಕಾ, ಅಚ್ಚು ಒಡೆದು ಬಂತಾ?" ಪಕ್ಕದ ಮೇಜಿನಿಂದ ಪೆಲಿನ್ ಕೇಳಿದಳು. ಎಂಟು ವರ್ಷದಿಂದ ಜೊತೆಗೆ ಕೆಲಸ ಮಾಡುವವಳು. ನೆರ್ಮಿನ್ ಉಸಿರು ಬಿಗಿಹಿಡಿದರೂ ಅವಳಿಗೆ ಗೊತ್ತಾಗುತ್ತಿತ್ತು.

"ಇಲ್ಲ, ಚೆನ್ನಾಗೇ ಇದೆ."

"ಮತ್ಯಾಕೆ ಮುಖ ಹಿಂಗೆ? ಇವರಿಗೂ ವಾಶ್‌ಬೇಸಿನ್ ಬಿಳುಪೇ ಬೇಕಂತಾ?"

ಅದು ಲ್ಯಾಬಿನ ಹಳೆಯ ತಮಾಷೆ. ಇಂಗ್ಲೆಂಡಿನಿಂದ, ಜರ್ಮನಿಯಿಂದ ವಿಮಾನ ಹತ್ತಿ ಇಜ್ಮಿರ್‌ಗೆ ಬಂದು, ಒಂದು ವಾರ ಸಮುದ್ರ ನೋಡಿ, ಹೊಸ ನಗುವಿನೊಂದಿಗೆ ಹಿಂದಿರುಗುವ ಜನ ಬಣ್ಣದ ಪಟ್ಟಿಯಲ್ಲಿ ಯಾವಾಗಲೂ ಕೊನೆಯ ತುದಿಯ ಬಿಳಿಯನ್ನೇ ತೋರಿಸುತ್ತಿದ್ದರು. ನೆರ್ಮಿನ್ ಆ ದಿನ ಆ ತಮಾಷೆಗೆ ನಗಲಿಲ್ಲ.

"ಈ ಊರಿನವರೇ," ಎಂದಳು. "ಹಿಂದೆ ಇಲ್ಲೇ ಇದ್ದವರು."

*

ಇಪ್ಪತ್ತೇಳು ವರ್ಷದ ಹಿಂದೆ ಅವಳಿಗೆ ಇಪ್ಪತ್ತು. ಹಗಲು ಶರ್ಟಿನ ಕಾಲರ್ ಹೊಲಿಯುವ ಕೆಲಸ, ಸಂಜೆ ಹಲ್ಲಿನ ಕೆಲಸ ಕಲಿಸುವ ಶಾಲೆ. ಹಗಲೆಲ್ಲ ದುಡಿದು ಬಂದವರೇ ತುಂಬಿದ್ದ ಆ ತರಗತಿಯಲ್ಲಿ ಮೊದಲ ಪಾಠವೇ ಒಬ್ಬರ ಹಲ್ಲಿನ ಅಚ್ಚನ್ನು ಇನ್ನೊಬ್ಬರು ತೆಗೆಯುವುದು. ಹಾಜರಿ ಪುಸ್ತಕದ ಪ್ರಕಾರ ಜೋಡಿ ಮಾಡಿದಾಗ ಅವಳ ಪಾಲಿಗೆ ಬಂದವನು ಅಚ್ಚುಕೂಟದಲ್ಲಿ ಕೆಲಸ ಮಾಡುತ್ತಿದ್ದ ವೆದಾತ್. ಉಗುರಿನ ಸಂದಿನಲ್ಲಿ ಕಪ್ಪು ಶಾಯಿ, ಕಣ್ಣಿನಲ್ಲಿ ಸದಾ ಒಂದು ಕೀಟಲೆ.

ಅವಳು ಅಚ್ಚು ತೆಗೆಯುವ ಗುಲಾಬಿ ಬಣ್ಣದ ಪೇಸ್ಟನ್ನು ನೀರಾಗಿ ಕಲಸಿಬಿಟ್ಟಿದ್ದಳು. ಅವನ ಬಾಯಿಯಿಂದ ಅದು ಗದ್ದಕ್ಕೆ, ಗದ್ದದಿಂದ ಶರ್ಟಿಗೆ ಇಳಿಯಿತು. ಅವಳಿಗೆ ಅಳುವೇ ಬಂತು.

"ಅಳಬೇಡ ಮಾರಾಯ್ತಿ," ಎಂದಿದ್ದ ಅವನು, ಬಾಯಿ ತೊಳೆದುಕೊಂಡು ಬಂದು. "ಶರ್ಟಿನ ಅಚ್ಚು ಮಾತ್ರ ಚೆನ್ನಾಗಿ ಬಂದಿದೆ."

ಆಮೇಲೆ ನಕ್ಕ. ಆ ಸಂದು ಅವಳಿಗೆ ಮೊದಲ ಸಲ ಕಂಡದ್ದು ಆಗ. ಬಾಗಿಲು ಸ್ವಲ್ಪ ತೆರೆದಿಟ್ಟ ಮನೆಯ ಹಾಗೆ, ಒಳಗೆ ಬಾ ಎನ್ನುವ ಹಾಗೆ.

ತರಗತಿ ಮುಗಿಸಿ ಇಬ್ಬರೂ ಒಂದೇ ದೋಣಿಯಲ್ಲಿ ಕೊಲ್ಲಿಯಾಚೆಯ ಕಾರ್ಶಿಯಾಕಾಗೆ ದಾಟುತ್ತಿದ್ದರು. ಮೇಲಿನ ಅಟ್ಟದಲ್ಲಿ ಗಾಳಿಗೆ ಬೆನ್ನು ಕೊಟ್ಟು ಕೂತು ಅವನು ಬೀಜದ ಪೊಟ್ಟಣ ಬಿಚ್ಚುತ್ತಿದ್ದ. ಟಕ್ ಎಂದು ಸೀಳಿ, ಮೂರು ತಿರುಳು ಅವಳ ಅಂಗೈಗೆ, ಒಂದು ತನ್ನ ಬಾಯಿಗೆ.

"ನಿಂಗೆ ಸೀಳೋಕೆ ಬರಲ್ವಾ?"

"ಬರುತ್ತೆ. ನೀನು ಸೀಳಿ ಕೊಟ್ರೆ ರುಚಿ."

ಹಲ್ಲಿನ ಸಂದಿನಿಂದ ಅವನು ಶಿಳ್ಳೆ ಹಾಕಿದರೆ ಕಡಲಹಕ್ಕಿಗಳು ದೋಣಿಯ ಪಕ್ಕಕ್ಕೆ ಬರುತ್ತಿದ್ದವು. ಅವು ಬರುತ್ತಿದ್ದದ್ದು ಪ್ರಯಾಣಿಕರು ಎಸೆಯುವ ಎಳ್ಳಿನ ರೊಟ್ಟಿಯ ಚೂರಿಗೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಇನ್ನೂ ಒಂದು ವಿಷಯವನ್ನು ಇಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ.

ಆ ವರ್ಷದ ದೊಡ್ಡ ಪರೀಕ್ಷೆಗೆ, ಜೊತೆಗಾರರ ಅಚ್ಚಿನ ಮೇಲೆ ಮೇಣದಲ್ಲಿ ಹೊಸ ಹಲ್ಲು ಕೂರಿಸಬೇಕಿತ್ತು. ನೆರ್ಮಿನ್ ಮೂರು ಭಾನುವಾರ ಕೂತು ವೆದಾತ್‌ನ ಸಂದು ಮುಚ್ಚಿದಳು, ಕಚ್ಚು ತುಂಬಿದಳು, ಓರೆಯಾದ ಕೋರೆಹಲ್ಲನ್ನು ನೆಟ್ಟಗೆ ಮಾಡಿದಳು. ಪ್ರತಿ ಗೆರೆಯನ್ನೂ ಮುದ್ದಿಸಿದಂತೆ ತಿದ್ದಿದಳು. ಅವಳಿಗೆ ಪ್ರೀತಿ ತೋರಿಸಲು ಬೇರೆ ಭಾಷೆ ಗೊತ್ತಿರಲಿಲ್ಲ.

ಮೇಷ್ಟ್ರು ಹಿಕ್ಮೆತ್ ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. "ನೋಡ್ರಪ್ಪಾ, ಹಳೇ ವೆದಾತ್‌ನ ಬಿಸಾಕಿ ಹೊಸ ವೆದಾತ್‌ನ ಮಾಡಿದಾಳೆ! ಇನ್ನು ಇವನಿಗೆ ಹೆಣ್ಣು ಸಿಗುತ್ತೆ." ತರಗತಿಯೆಲ್ಲ ಗೊಳ್ಳೆಂದಿತು.

ಅಂದು ದೋಣಿಯಲ್ಲಿ ಅವನು ಬೀಜದ ಪೊಟ್ಟಣ ಬಿಚ್ಚದೆ ಕೇಳಿದ. "ನನ್ನ ಹಲ್ಲು ನಿಜವಾಗ್ಲೂ ಹಂಗೇ ಇದ್ದಿದ್ರೆ ಚೆನ್ನಾಗಿತ್ತು, ಅಲ್ವಾ?"

ಅವಳ ತಲೆ ಇನ್ನೂ ಮೇಷ್ಟ್ರ ಹೊಗಳಿಕೆಯಲ್ಲೇ ತೇಲುತ್ತಿತ್ತು. "ಮತ್ತಿನ್ನೇನು!" ಎಂದುಬಿಟ್ಟಳು. "ಹತ್ತಕ್ಕೆ ಹತ್ತು ಕೊಟ್ರಲ್ಲ!"

ಮರುದಿನದಿಂದ ಅವನು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯತೊಡಗಿದ. ಅವಳು ಗಮನಿಸಿದಳು. ಕೇಳಬೇಕು ಎಂದು ಎಂಟು ದಿನ ಮಾತು ಜೋಡಿಸಿದಳು. ಒಂಬತ್ತನೆಯ ದಿನ ಅವನ ಜಾಗ ಖಾಲಿ ಇತ್ತು. ಬಾಲಿಕೆಸಿರ್‌ನಲ್ಲಿರುವ ಸೋದರಮಾವನ ಅಚ್ಚುಕೂಟಕ್ಕೆ ಹೋದನಂತೆ ಎಂದು ಯಾರೋ ಹೇಳಿದರು.

ಆಮೇಲೆ ಅವಳ ಮದುವೆಯೂ ಆಯಿತು, ಆರು ವರ್ಷಕ್ಕೆ ಜಗಳವಿಲ್ಲದೆ ಮುರಿಯಿತು ಕೂಡ. ಸಾವಿರಾರು ಹಲ್ಲು ಮಾಡಿದಳು. ಸಂದು ಮುಚ್ಚಿ ಎಂಬ ಚೀಟಿ ಬಂದಾಗಲೆಲ್ಲ ಅವಳ ಕೈ ಒಂದು ಕ್ಷಣ ನಿಂತು ಮುಂದೆ ಹೋಗುತ್ತಿತ್ತು.

*

ಬುಧವಾರ ಅವಳು ಚೀಟಿಯಲ್ಲಿದ್ದಂತೆಯೇ ವಿನ್ಯಾಸ ಮಾಡಿದಳು. ಹಲ್ಲಿನ ಮೇಲೆ ಸುಮ್ಮನೆ ಕೂರಿಸಿ ನೋಡುವ ತೆಳುವಾದ ಪ್ಲಾಸ್ಟಿಕ್ ಮಾದರಿ. ಅದು ಒಪ್ಪಿಗೆಯಾದ ಮೇಲಷ್ಟೇ ಡಾಕ್ಟರ್ ಪಿಂಗಾಣಿ ಕೂರಿಸಲು ಹಲ್ಲು ಸವೆಸುತ್ತಾರೆ. ಸವೆಸಿದ ಹಲ್ಲು ಮತ್ತೆ ಬೆಳೆಯುವುದಿಲ್ಲ.

ಮಾದರಿ ಚೆನ್ನಾಗಿಯೇ ಬಂತು. ಜಾಹೀರಾತಿನ ಗೋಡೆಯ ಮೇಲಿರುವ ಯಾವ ಗಂಡಸಿಗೆ ಬೇಕಾದರೂ ಹೊಂದುವಂತಿತ್ತು. ಅದನ್ನು ನೋಡುತ್ತಾ ಅವಳಿಗೆ ಸಂಕಟವಾಯಿತು. ತಕ್ಷಣವೇ ಆ ಸಂಕಟದ ಮೇಲೆ ಅನುಮಾನವೂ ಬಂತು. ಸಂದು ಉಳಿಯಲಿ ಎನ್ನುವುದು ಅವನ ಒಳ್ಳೆಯದಕ್ಕೋ, ತನ್ನ ಇಪ್ಪತ್ತನೆಯ ವಯಸ್ಸು ಉಳಿಯಲಿ ಎಂದೋ? ಕೇಳಿದ್ದನ್ನು ಮಾಡಿಕೊಡಬೇಕಾದವಳಿಗೆ ಇನ್ನೊಬ್ಬರ ಮುಖದ ಮೇಲೆ ಏನು ಹಕ್ಕು?

ಕೊನೆಗೆ ಡಾಕ್ಟರ್ ಗುಲ್ಬಿನ್‌ಗೆ ಫೋನ್ ಮಾಡಿದಳು.

"ಡಾಕ್ಟರ್, ಆ ಹಲ್ಲುಗಳು ಗಟ್ಟಿಯಾಗಿವೆ. ಆರನ್ನೂ ಸವೆಸಲೇಬೇಕಾ?"

"ನಾನೂ ಅದನ್ನೇ ಹೇಳ್ದೆ ಉಸ್ತಾ," ಎಂದರು ಡಾಕ್ಟರ್, ನುರಿತ ಕೆಲಸಗಾರರನ್ನು ಗೌರವದಿಂದ ಕರೆಯುವ ಹಾಗೆ. " ಕೇಳಿದ್ರೆ ತಾನೆ! ಒಂಟಿ ಮನುಷ್ಯ. ಮುಂದಿನ ತಿಂಗಳು ತಂಗಿ ಮಗಳ ಮದುವೆ ಇದೆಯಂತೆ. ಮಾಮ, ಒಂದು ಫೋಟೋದಲ್ಲಾದ್ರೂ ನಗು ಅಂತ ಆ ಹುಡುಗಿ ಹಟ ಹಿಡಿದಿದ್ದಾಳೆ. ಹಾಂ, ಇನ್ನೊಂದು. ಕೆಲಸ ನಿಮ್ಮ ಕೈಯಲ್ಲೇ ಆಗಬೇಕಂತೆ. ಹೆಸರು ಹಿಡಿದು ಕೇಳಿದ್ರು. ಪರಿಚಯವಾ?"

ನೆರ್ಮಿನ್ ಮೇಜಿನ ಮೇಲಿದ್ದ ಅಚ್ಚನ್ನು ನೋಡಿದಳು. "ಅಚ್ಚಿನ ಮಟ್ಟಿಗೆ," ಎಂದಳು.

*

ಹಲ್ಲಿನ ನಿಜವಾದ ಬಣ್ಣ ತಿಳಿಯುವುದು ನಡುಹಗಲಿನ ಬೆಳಕಿನಲ್ಲಿ. ಹಾಗಾಗಿ ಗುರುವಾರ ಹನ್ನೆರಡಕ್ಕೆ ಅವನೇ ಲ್ಯಾಬಿಗೆ ಬಂದ.

ಕೂದಲು ಬೆಳ್ಳಗಾಗಿತ್ತು. ಭುಜ ಸ್ವಲ್ಪ ಬಾಗಿತ್ತು. ಉಗುರುಗಳು ಮಾತ್ರ ಈಗ ಶುಭ್ರವಾಗಿದ್ದವು. ಮೂರು ಅಂತಸ್ತು ಹತ್ತಿ ಬಂದ ಏದುಸಿರಿನಲ್ಲಿ, ಕೈಯನ್ನು ಬಾಯಿಗೆ ಅಡ್ಡ ಹಿಡಿದು, "ಕೆಲಸ ಸಲೀಸಾಗಲಿ," ಎಂದ.

"ಬನ್ನಿ, ವೆದಾತ್ ಬೇ."

"ಬೇ ಅಂತೆ!" ಅವನ ಕಣ್ಣಿನ ಮೂಲೆಗಳು ಸುಕ್ಕುಗಟ್ಟಿದವು. "ಶರ್ಟಿನ ತುಂಬ ಪೇಸ್ಟ್ ಸುರಿದಾಗ ಇಷ್ಟು ಮರ್ಯಾದೆ ಇರ್ಲಿಲ್ಲ."

ಪೆಲಿನ್ ತಲೆಯೆತ್ತಿ ಇಬ್ಬರನ್ನೂ ಒಂದೊಂದು ಸಲ ನೋಡಿದಳು. "ಅಕ್ಕಾ, ನಾನು ಚಹಾ ಹೇಳಿ ಬರ್ತೀನಿ," ಎಂದಳು. ಚಹಾದವನಿಗೆ ಫೋನ್ ಮಾಡಿದರೆ ಸಾಕಿತ್ತು. ಆದರೂ ಕೋಟು ಹಾಕಿಕೊಂಡು ಮೆಟ್ಟಿಲಿಳಿದು ಹೋದಳು.

ನೆರ್ಮಿನ್ ಅವನನ್ನು ಕಿಟಕಿಯ ಬಳಿ ಕೂರಿಸಿದಳು. ಬಣ್ಣದ ಪಟ್ಟಿಯನ್ನು ಅವನ ತುಟಿಯ ಹತ್ತಿರ ಹಿಡಿದಳು. ಇಷ್ಟು ಹತ್ತಿರದಿಂದ ಅವನ ರೆಪ್ಪೆಗಳಲ್ಲೂ ಒಂದೆರಡು ಬಿಳಿಕೂದಲು ಕಂಡವು.

"ತುಟಿ ಸಡಿಲ ಬಿಡಿ."

"ಬಿಟ್ಟಿದೀನಿ."

"ಇಲ್ಲ, ಬಿಗಿ ಹಿಡಿದಿದೀರಿ."

"ಇಪ್ಪತ್ತೇಳು ವರ್ಷದ ಅಭ್ಯಾಸ ಉಸ್ತಾ. ಒಂದೇ ಸಲ ಹೋಗು ಅಂದ್ರೆ ಹೋಗುತ್ತಾ?"

ಅವಳು ಮಾದರಿಯನ್ನು ಕೊಟ್ಟಳು. ಅವನೇ ಅದನ್ನು ಹಲ್ಲಿನ ಮೇಲೆ ಕೂರಿಸಿಕೊಂಡ. ಕನ್ನಡಿ ನೋಡಿದ. ಬಲಕ್ಕೆ ತಿರುಗಿದ, ಎಡಕ್ಕೆ ತಿರುಗಿದ. ಆಮೇಲೆ ಕನ್ನಡಿ ಕೆಳಗಿಟ್ಟು ಅವಳ ಕಡೆ ನೋಡಿ, ಕೈ ಅಡ್ಡ ಹಿಡಿಯದೆ ಕೇಳಿದ.

"ಹೇಗಿದೆ?"

ಹೊರಗೆ ಹಾರ್ನ್ ಹಾಕುತ್ತಾ ಒಂದು ಬಸ್ಸು ಹೋಯಿತು. ಚೆನ್ನಾಗಿದೆ ಎಂದರೆ ಮುಗಿಯಿತು. ಸೋಮವಾರ ಡಾಕ್ಟರ್ ಹಲ್ಲು ಸವೆಸುತ್ತಾರೆ, ಮುಂದಿನ ತಿಂಗಳು ಅವನು ಫೋಟೋದಲ್ಲಿ ನಗುತ್ತಾನೆ, ಬಾಲಿಕೆಸಿರ್‌ಗೆ ಹೋಗುತ್ತಾನೆ. ಬೇರೇನಾದರೂ ಹೇಳಿ, ಅದು ತಪ್ಪಾದರೆ? ಅವನು ಮತ್ತೆ ಬಾಯಿ ಮುಚ್ಚಿಕೊಂಡರೆ?

"ಇದರ ಕೆಲಸ ಚೆನ್ನಾಗಿದೆ," ಎಂದಳು ನೆರ್ಮಿನ್ ನಿಧಾನವಾಗಿ. "ಯಾರಾದ್ರೂ ಮೆಚ್ಚುತ್ತಾರೆ. ಇನ್ನು ಮುಂದೆ ಹೇಳೋದು ಲ್ಯಾಬಿನ ಮಾತಲ್ಲ, ನನ್ನ ಮಾತು. ಇದರಲ್ಲಿ ನನ್ನ ಸ್ವಾರ್ಥ ಇದೆ. ಅದನ್ನ ಲೆಕ್ಕಕ್ಕೆ ಇಟ್ಕೊಂಡೇ ಕೇಳಿ. ಈ ಹಲ್ಲಲ್ಲಿ ನೀವು ನನಗೆ ಕಾಣ್ತಿಲ್ಲ. ಆ ಮೇಣದ ಕೆಲಸದಲ್ಲೂ ನೀವಿರಲಿಲ್ಲ. ನಿಮಗಾಗಿ ಶುರು ಮಾಡಿದೆ, ಕೊನೆಗೆ ಮೇಷ್ಟ್ರಿಗೆ ತೋರಿಸೋ ಕೆಲಸ ಆಯ್ತು. ದೋಣಿಯಲ್ಲಿ ನೀವು ಕೇಳಿದಾಗ ನಾನು ನಿಮ್ಮ ಮುಖ ನೋಡಲೇ ಇಲ್ಲ, ಬರೀ ಮಾರ್ಕು ನೋಡ್ತಿದ್ದೆ. ನೀವು ನಕ್ಕರೆ ನನ್ನ ಕೆಲಸದ ಸುಸ್ತೆಲ್ಲ ಇಳಿದುಹೋಗ್ತಿತ್ತು. ಹೇಳೋಕೆ ಮಾತು ಜೋಡಿಸ್ತಾ ಕೂತೆ. ನೀವು ಹೋಗೇಬಿಟ್ರಿ."

ವೆದಾತ್ ಮಾದರಿಯನ್ನು ತೆಗೆದು ಅಂಗೈಯಲ್ಲಿ ಇಟ್ಟುಕೊಂಡ.

"ನಾನೇನಂದ್ಕೊಂಡು ಬಂದೆ ಗೊತ್ತಾ?" ಎಂದ. "ಮದುವೆ, ಫೋಟೋ ಎಲ್ಲ ನೆಪ. ನಿನಗೆ ಹೆಂಗೆ ಬೇಕಿತ್ತೋ ಹಂಗಾಗಿ ಒಂದ್ಸಲ ನಿನ್ನ ಮುಂದೆ ನಿಲ್ಲೋಣ ಅಂತ. ನಿನ್ನ ಕೈಯಲ್ಲೇ ಆಗಲಿ ಅಂತ ಡಾಕ್ಟರ್‌ನ ಕಾಡಿಸಿದೆ."

"ಹುಚ್ಚಪ್ಪಾ!" ಅವಳಿಗೇ ತಿಳಿಯದೆ ಬಹುವಚನ ಬಿದ್ದುಹೋಗಿತ್ತು. "ಗಟ್ಟಿ ಹಲ್ಲು ಆರನ್ನೂ ಸವೆಸಿಕೊಂಡಾ?"

"ನೀನು ಆಗಲೇ ಒಂದು ಮಾತು ಹೇಳಿದ್ರೆ ಸವೆಸೋ ಮಾತೇ ಬರ್ತಿರ್ಲಿಲ್ಲ."

"ನೀನು ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ."

"ಕೇಳಿದ್ನಲ್ಲೇ! ಹತ್ತಕ್ಕೆ ಹತ್ತು ಅಂದೆ."

ಅವಳಿಗೆ ನಗು ಬಂತು, ಕಣ್ಣು ತುಂಬಿತು, ಯಾವುದು ಮೊದಲು ಎಂದು ಅವಳಿಗೇ ಗೊತ್ತಾಗಲಿಲ್ಲ. ಅವಳನ್ನು ನೋಡಿ ಅವನೂ ನಕ್ಕ. ಅವನ ಕೈ ಅಭ್ಯಾಸದಂತೆ ಮೇಲೆದ್ದಿತು. ನೆರ್ಮಿನ್ ಅದನ್ನು ಮಣಿಕಟ್ಟಿನಲ್ಲಿ ಹಿಡಿದು ಮೆಲ್ಲಗೆ ಅವನ ಮಡಿಲಿಗೆ ಇಳಿಸಿದಳು. ಬಿಡಲು ಮರೆತಳು.

"ಹಂಗಾದ್ರೆ ಏನೂ ಬೇಡ್ವಾ?" ಅವನು ಕೇಳಿದ. ದನಿಯಲ್ಲಿ ಸಣ್ಣ ದಿಗಿಲಿತ್ತು. "ಮತ್ತೆ ಬರೋಕೆ ನೆಪ?"

ಅವಳು ಭೂತಗನ್ನಡಿ ಎತ್ತಿಕೊಂಡು ಎಡ ಮುಂಬಲ್ಲನ್ನು ನೋಡಿದಳು. ಈ ಸಲ ಅವಳ ಕಣ್ಣು ಕೆಲಸದ ಕಣ್ಣು. ಕಚ್ಚಿನಿಂದ ಮೇಲಕ್ಕೆ ಕೂದಲೆಳೆಯಂಥ ಬಿರುಕು ಹೊರಟಿತ್ತು.

"ಇದೊಂದಕ್ಕೆ ಬೇಕು ಅನ್ಸುತ್ತೆ. ಡಾಕ್ಟರ್‌ನ ಕೇಳ್ತೀನಿ. ಸಂದು ಹಂಗೇ ಇರಲಿ."

"ಒಂದೇ ಒಂದು ಹಲ್ಲಾ? ಅದೇನು, ಒಂದು ಮಧ್ಯಾಹ್ನದ ಕೆಲಸ."

"ಎಲ್ಲರೂ ಹಂಗೇ ಅಂದ್ಕೊಳ್ತಾರೆ." ನೆರ್ಮಿನ್ ಭೂತಗನ್ನಡಿ ಕೆಳಗಿಟ್ಟಳು. "ಆರು ಮಾಡೋದು ಸುಲಭ, ಆರೂ ಒಂದೇ ಥರ ಇದ್ರೆ ಆಯ್ತು. ಒಂದೇ ಹಲ್ಲು ಅಂದ್ರೆ ಪಕ್ಕದಲ್ಲಿ ನಿಜವಾದ ಹಲ್ಲು ನಿಂತಿರುತ್ತೆ. ಅದರ ಬಣ್ಣ, ಅದರ ವಯಸ್ಸು, ಅದರ ಗೆರೆ ಎಲ್ಲ ಹೊಂದಬೇಕು. ಪಿಂಗಾಣಿಯಲ್ಲಿ ಇದಕ್ಕಿಂತ ಕಷ್ಟದ ಕೆಲಸ ಇಲ್ಲ. ಬಣ್ಣ ನೋಡಬೇಕು, ಸುಡಬೇಕು, ಮತ್ತೆ ನೋಡಬೇಕು."

"ಎಷ್ಟು ಸಲ ಬರಬೇಕಾಗುತ್ತೆ?"

"ಹೇಳೋಕಾಗಲ್ಲ. ಬಿಸಿಲಿದ್ದ ದಿನವೆಲ್ಲ."

ಮೆಟ್ಟಿಲಲ್ಲಿ ಪೆಲಿನ್ ಬೇಕೆಂದೇ ಜೋರಾಗಿ ಕೆಮ್ಮುತ್ತಾ ಹತ್ತಿ ಬರುವುದು ಕೇಳಿಸಿತು.

"ನಾಳೆ ಬಿಸಿಲಿರುತ್ತಾ?" ವೆದಾತ್ ಕೇಳಿದ.

ಪ್ರತಿಯೊಂದನ್ನೂ ಎರಡು ಸಲ ಅಳೆದು ನೋಡುವ ನೆರ್ಮಿನ್, ಕಿಟಕಿಯ ಕಡೆ ತಿರುಗಿಯೂ ನೋಡದೆ ಹೇಳಿದಳು.

"ಇರುತ್ತೆ."