ಹೆಸರಿಲ್ಲದ ಗುರುತು

ರಕ್ತದ ಹನಿ ಗಾಜಿನ ನಾಳದೊಳಗೆ ಇಳಿಯುತ್ತಿದ್ದಂತೆ ಯಂತ್ರ ಸಣ್ಣಗೆ ಗುಂಯ್‌ಗುಟ್ಟತೊಡಗಿತು. ಪ್ರಣೀತಾ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದು ಕೂತಳು. ಬೆರಳ ಗೆಣ್ಣುಗಳು ಉರಿಯುತ್ತಿದ್ದವು, ಆದರೂ ಬಿಡಲಿಲ್ಲ.

ರಾಜ್ಯ ತಂಡದಲ್ಲಿ ಕಬಡ್ಡಿ ಆಡಿದವಳು ಆಕೆ. ಈಗ ಕಲಬುರಗಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ತರಬೇತುದಾರಳು. ಎರಡು ವರ್ಷದಿಂದ ಮೆಟ್ಟಿಲು ಹತ್ತಿದರೆ ಸುಸ್ತು, ಸಂಜೆಯಾದರೆ ಸಣ್ಣ ಜ್ವರ. ಮಾತಿನ ನಡುವೆ ಪದಗಳೇ ಕೈಕೊಡುತ್ತಿದ್ದವು. ತೋರಿಸಿದ ಕಡೆಯಲ್ಲೆಲ್ಲ ರಕ್ತ ತೆಗೆದು, ಎಲ್ಲ ನಾರ್ಮಲ್ ಎಂದರು. ಒಬ್ಬರು ಮನಸ್ಸಿಗೆ ಮಾತ್ರೆ ಬರೆದರು. ನಿನ್ನೆ ಶಾಲೆಯವರು, "ರೋಗ ಇದ್ದರ ಏನಂತ ಹೇಳ್ರಿ, ಇಲ್ಲಂದ್ರ ಮೈದಾನಕ್ಕ ಬರ್ರಿ. ಎರಡೂ ಆಗದಿದ್ರ ಬೇರೆಯವರನ್ನ ನೋಡ್ಕೋತೀವಿ" ಎಂದುಬಿಟ್ಟಿದ್ದರು.

ಡಾಕ್ಟರ್ ಜುಬೇದಾ ಮಾತ್ರ ಅವಳ ಕಥೆಯನ್ನು ನಡುವೆ ಬಾಯಿ ಹಾಕದೆ ಕೇಳಿದ್ದರು. ಈ ಯಂತ್ರವನ್ನು ರೂಪಿಸಿದವರಲ್ಲಿ ಅವರೂ ಒಬ್ಬರು.

"ಹಳೇ ಪರೀಕ್ಷೆಗಳು ಈ ರೋಗ ಅದನೋ ಇಲ್ಲೋ ಅಂತಷ್ಟ ಕೇಳ್ತಿದ್ವು," ಎಂದರು. "ಬಿಳಿ ರಕ್ತಕಣ ಯಾವ್ಯಾವ ರೋಗಾಣು ಜೋಡಿ ಹೊಡೆದಾಡ್ಯಾವ, ಅದರ ಗುರುತು ಅವುಗಳೊಳಗ ಉಳಿದಿರ್ತದ. ಇದು ಆ ಗುರುತು ಓದ್ತದ."

ಪರದೆಯ ಮೇಲೆ ಬಾಲ್ಯದ ಸೀತಾಳೆ ಸಿಡುಬು ಬಂತು, ಕಾಲೇಜಿನ ದಿನಗಳ ಡೆಂಗಿ ಬಂತು. ಆಮೇಲೆ ಇನ್ನೊಂದು ಗುರುತಿನ ಬಳಿ ಯಂತ್ರ ತಡವರಿಸಿ ನಿಂತಿತು. ಕೆಳಗೆ ಎರಡೇ ಪದ: ಹೊಂದಿಕೆ ಇಲ್ಲ.

ಪ್ರಣೀತಾ ಚೀಲ ಎತ್ತಿಕೊಂಡು ಎದ್ದೇಬಿಟ್ಟಳು. "ಇಲ್ಲೂ ಏನೂ ಇಲ್ಲ ಅಂದಂಗಾಯ್ತು."

"ಕೂಡ್ರಿ. ಏನೂ ಇಲ್ಲ ಅನ್ನೋದು ಬೇರೆ, ನಮಗ ಗೊತ್ತಿಲ್ಲ ಅನ್ನೋದು ಬೇರೆ. ನಿಮ್ಮ ರಕ್ತ ಈಗೂ ಯಾವುದರ ಜೋಡಿನೋ ಹೊಡೆದಾಡಕತ್ತದ. ಅದಕ್ಕಿನ್ನೂ ಯಾರೂ ಹೆಸರಿಟ್ಟಿಲ್ಲ, ಅಷ್ಟ. ಶಾಲೆಯವರ ಜೋಡಿ ನಾನ ಮಾತಾಡ್ತೀನಿ."

ಪ್ರಣೀತಾ ಕೂತಳು. ತಡೆದರೂ ನಿಲ್ಲದೆ ಕಣ್ಣೀರು ಬಂತು.

ಜುಬೇದಾ ಆ ಗುರುತನ್ನೇ ಹಿಡಿದು, ಸಂಶೋಧನೆಗೆಂದು ಕಾಪಿಟ್ಟ ಹಳೆಯ ರಕ್ತದ ಮಾದರಿಗಳಲ್ಲಿ ಹುಡುಕಲು ಯಂತ್ರಕ್ಕೆ ಹೇಳಿದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಪರದೆಯಲ್ಲಿ ಅದೇ ಗುರುತಿದ್ದ ಒಬ್ಬರ ಚುಕ್ಕೆ, ಹಿಂದೆಯೇ ಇನ್ನೊಬ್ಬರದು. ನೋಡನೋಡುತ್ತ ಪರದೆಯೇ ತುಂಬಿತು.

"ಇವರೆಲ್ಲ ಯಾರ್ರಿ?"

"ಮೂವತ್ತು ವರ್ಷದ ಹಿಂದಿನವರು. ಎರಡು ಸಾವಿರದ ಇಪ್ಪತ್ತರ ದಶಕದಾಗ ನಿಮ್ಮಂಗ ಸುಸ್ತು ಅಂತ ಬಂದು ರಕ್ತ ಕೊಟ್ಟವರು."

"ಅವರೂ ಡಾಕ್ಟರ ಕಡೆ ಹೋಗಿರಬೇಕಲ್ಲ? ಏನಂತ ಹೇಳಿ ಕಳಿಸಿದ್ರು?"

ಅವರಲ್ಲಿ, ರಕ್ತ ಕೊಡುವಾಗಲೇ ವಿಷಯ ತಿಳಿದರೆ ಹೇಳಿರೆಂದು ನಂಬರು ಕೊಟ್ಟಿದ್ದ ಒಬ್ಬರಿಗೆ ಜುಬೇದಾ ಫೋನು ಹಚ್ಚಿದರು. ಎತ್ತಿಕೊಂಡದ್ದು ಮುಪ್ಪಿನ ಹೆಣ್ಣುದನಿ. ಆಕೆಯ ಹಳೆಯ ರಕ್ತದಲ್ಲೂ ಅದೇ ಗುರುತು ಸಿಕ್ಕಿದ್ದನ್ನು ಡಾಕ್ಟರು ನಿಧಾನವಾಗಿ, ಬಿಡಿಸಿ ಹೇಳಿದರು.

"ಅಂದ್ರ," ಎಂದಿತು ಆ ದನಿ, "ಆಗ ನನಗ ಖರೇನ ಏನೋ ಆಗಿತ್ತೇನವ್ವ?"